ಸಂಪಾದಕರ ಉತ್ತರ: ನಿಮ್ಮ ಪತ್ರದ ನಾಲ್ಕನೆಯ ಪುಟ

ಅಣ್ಣಾರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ. ಹಾಕುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮನೆ, ವಯಸ್ಸು 54, ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ. ಇಷ್ಟರಿಂದ ಯಾರಿಗೂ ನಿಮ್ಮ ಗುರುತು ಸಿಗಲಿಕ್ಕಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ನಿಮ್ಮ ಪತ್ರದಲ್ಲಿ ಇರುವುದನ್ನು ಮೊದಲು ಹೇಳಿಬಿಡುತ್ತೇನೆ.

ನಿಮಗೆ 23 ವರ್ಷವಿದ್ದಾಗ ತಂದೆ ತೀರಿಕೊಂಡರು. ಮಾಸ್ತರ ಆಗಬೇಕೆಂದಿದ್ದ ನೀವು ಓದು ಬಿಟ್ಟಿರಿ. ಎರಡು ವರ್ಷದ ಮಟ್ಟಿಗೆ ಎಂದು ಅಂಗಡಿಗೆ ಬಂದು ಕೂತಿರಿ. ಎರಡು ಹೋಗಿ 31 ಆಯಿತು. ನಡುವೆ ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು, ಇಬ್ಬರು ತಂಗಿಯರ ಮದುವೆ ಆಯಿತು, ನವನಗರದಲ್ಲಿ ಸಾಲ ಮಾಡಿ ಮನೆ ಕಟ್ಟಿದಿರಿ. ಈಗ ಅಂಗಡಿಗೆ ಕಂಪ್ಯೂಟರ್ ಬಂದಿದೆ, ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗನೂ ಬಂದಿದ್ದಾನೆ. ಸಾವಕಾರರು ನಿಮ್ಮನ್ನು ಬಿಡಿಸಲಿಲ್ಲ. "ನೀವು ಸುಮ್ನೆ ಬಂದು ಕೂಡ್ರಿ, ಸಾಕು" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತು ನಿಮಗೆ ಚುಚ್ಚಿತು.

ಈ ದೀಪಾವಳಿಗೆ ಅಂಗಡಿಯ ಖಾತೆ ಪೂಜೆಯಲ್ಲಿ ಖಾತೆ ಪುಸ್ತಕವೇ ಇರಲಿಲ್ಲ. ಕಂಪ್ಯೂಟರಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ರಾತ್ರಿ ಮನೆಗೆ ಬಂದಾಗ ಬೆಳಗಾವಿಯಲ್ಲಿ ನರ್ಸಿಂಗ್ ಓದುವ ಮಗಳು ಹಬ್ಬಕ್ಕೆಂದು ಬಂದಿದ್ದಳು. ನಿಮ್ಮ ಮುಖ ನೋಡಿ ಕೇಳಿದಳು: "ಅಪ್ಪಾ, ನಿನಗ ಖರೇನ ಏನಾಗಬೇಕಂತಿತ್ತು?" ನಿಮಗೆ ಉತ್ತರ ಬರಲಿಲ್ಲ. ಕೈಕಾಲು ತೊಳೆಯುತ್ತೇನೆಂದು ಹಿತ್ತಲಿಗೆ ಹೋದಿರಿ.

ಆಮೇಲೆ ನನಗೆ ಹೀಗೆ ಬರೆದಿರಿ: "ಮೂವತ್ತೊಂದು ವರ್ಷ ಮಂದಿ ಲೆಕ್ಕ ಬರೆದೆ. ನನ್ನ ಲೆಕ್ಕ ಒಂದು ದಿನವೂ ಬರೆಯಲಿಲ್ಲ. ನನ್ನ ಬದುಕು ನಿಮ್ಮೂರ ಬಾರಾಕಮಾನಿನ ಹಾಗೆ ಆಗಿದೆ. ಕಮಾನು ನಿಂತಿವೆ, ಮೇಲೆ ಮುಚ್ಚಿಗೆ ಇಲ್ಲ. ಕೆಲಸ ಬಿಟ್ಟು ಯಾವುದಾದರೂ ಮಠದಲ್ಲಿ ಸೇವೆ ಮಾಡಿಕೊಂಡು ಇರಲಾ? ಇಷ್ಟು ತಡವಾದ ಮೇಲೆ ಗುರಿ ಅಂತ ಒಂದನ್ನು ಹುಡುಕಿಕೊಳ್ಳಲು ಆಗುತ್ತದೆಯೇ?"

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಬೇಗ ಉತ್ತರ ಬರೆಯಲು ನನಗೆ ಆಗಲಿಲ್ಲ. ಓದಿದ ದಿನ ಸಂಜೆ ಬಾರಾಕಮಾನಿಗೆ ಹೋಗಿ ಕೂತೆ. ವಿಜಯಪುರದಲ್ಲೇ ಇದ್ದೂ ಅಲ್ಲಿಗೆ ಹೋಗಿ ಎಷ್ಟೋ ದಿನ ಆಗಿತ್ತು. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಶುರು ಮಾಡಿದ ಗೋರಿ ಅದು. ಅವನ ತಂದೆ ಮುಹಮ್ಮದ್ ಆದಿಲ್ ಶಾಹನದು ಗೋಲಗುಂಬಜ್. ತಂದೆಯದನ್ನು ಮೀರಿಸಬೇಕೆಂದು ಮಗ ಹೊರಟ ಎಂದು ಇಲ್ಲಿ ಹೇಳುತ್ತಾರೆ. 1672ರಲ್ಲಿ ಅಲಿ ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಆ ಕರಿಕಲ್ಲಿನ ಕಮಾನುಗಳ ಕೆಳಗೆ ಕೂತು ನಿಮ್ಮ ಸಾಲನ್ನು ಮತ್ತೆ ಓದಿದೆ. ಹೋಲಿಕೆ ಸರಿ ಬರಲಿಲ್ಲ ಅಣ್ಣಾರೇ. ಬಾರಾಕಮಾನು ಅರ್ಧಕ್ಕೆ ನಿಂತದ್ದು ಕಟ್ಟಿಸುವವನು ಸತ್ತದ್ದರಿಂದ. ನೀವು ಇದ್ದೀರಿ. ಅದೂ ಅಲ್ಲದೆ ಅವನು ಕಟ್ಟಿಸುತ್ತಿದ್ದುದು ಸತ್ತ ಮೇಲಿನ ಮನೆ. ನೀವು ಕೇಳುತ್ತಿರುವುದು ನಾಳೆ ಬೆಳಿಗ್ಗೆ ಎದ್ದು ಹೇಗೆ ಬದುಕಲಿ ಎಂದು.

ಕೆಲಸ ಬಿಡುವ ಮಾತನ್ನು ಮೊದಲು ಮುಗಿಸಿಬಿಡೋಣ. ಬಿಡಬೇಡಿ. ಮಗಳ ಓದು ಇನ್ನೂ ಎರಡು ವರ್ಷ ಇದೆ, ಮನೆ ಸಾಲವೂ ತೀರಿಲ್ಲ ಎಂದು ನೀವೇ ಬರೆದಿದ್ದೀರಿ. ಮಠದಲ್ಲಿ ಸೇವೆ ಮಾಡುವುದು ದೊಡ್ಡದೇ. ಆದರೆ ನಿಮ್ಮ ಪತ್ರದಲ್ಲಿ ಮಠದ ಬಗ್ಗೆ ಇರುವುದು ಆ ಒಂದೇ ಸಾಲು. ಯಾವ ಮಠ, ಯಾವ ಸೇವೆ ಎಂಬುದು ಎಲ್ಲೂ ಇಲ್ಲ. ನಿಮಗೆ ಮಠ ಬೇಕಾಗಿದೆ ಎಂದು ನನಗೆ ಅನಿಸಲಿಲ್ಲ. ಅಂಗಡಿಯಲ್ಲಿ ಸುಮ್ನೆ ಕೂಡುವುದು ಬೇಡವಾಗಿದೆ, ಅಷ್ಟೇ.

ಇನ್ನು ಗುರಿ ಹುಡುಕುವ ಮಾತು. ಇದರಲ್ಲಿ ನಾನು ಒಮ್ಮೆ ಎಡವಿದವಳು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬಲಗೈ ಮುರಿಯಿತು. ಆರು ವಾರ ಪ್ಲಾಸ್ಟರ್. ಅದಕ್ಕೂ ಮೊದಲೇ ನನಗೆ ನಿಮ್ಮ ಹಾಗೆ ಆಗಿತ್ತು. ಪತ್ರಿಕೆ ತಿಂಗಳು ತಿಂಗಳು ಹೊರಗೆ ಬರುತ್ತಿತ್ತು, ನಾನು ಮಾತ್ರ ಎಲ್ಲೋ ಕಳೆದುಹೋಗಿದ್ದೆ. ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ ಎಂಬ ಪ್ರಶ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಬಂದು ಕೂಡುತ್ತಿತ್ತು. ಕೈ ಮುರಿದಾಗ, ಪ್ರೆಸ್ಸಿನ ಹಳೆ ಬಿಲ್ ಬುಕ್ಕಿನ ಹಿಂಬದಿಯಲ್ಲಿ ದಿನಕ್ಕೆ ಒಂದು ಸಾಲು ಬರೆಯಲು ಶುರು ಮಾಡಿದೆ. ಎಡಗೈಯಿಂದ ಬರೆಯಬೇಕಾಗಿತ್ತು, ಒಂದು ಸಾಲಿಗಿಂತ ಜಾಸ್ತಿ ಆಗುತ್ತಿರಲಿಲ್ಲ. ಇವತ್ತು ಏನು ಮಾಡಿದೆ, ಚಲೋ ಅನಿಸಿತೋ ಇಲ್ಲವೋ. ಅಷ್ಟೇ.

ನಲವತ್ತು ದಿನ ಆದ ಮೇಲೆ ಕೂತು ಓದಿದೆ. ಪತ್ರಿಕೆ ಅಚ್ಚಾಗಿ ಬಂದ ದಿನ "ಚಲೋ" ಎಂದು ಬರೆದಿರುತ್ತೇನೆ ಅಂದುಕೊಂಡಿದ್ದೆ. ಇರಲಿಲ್ಲ. ಯಾವುದೋ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡು ಬಂದ ದಿನವೂ ಇರಲಿಲ್ಲ. ನಲವತ್ತರಲ್ಲಿ ಐದೇ ದಿನ ಆ ಮಾತು ಇತ್ತು. ಐದೂ ದಿನ ಯಾರೋ ಹೊಸಬರು ತಮ್ಮ ಬರಹ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ಮುದ್ದೇಬಿಹಾಳ ಕಡೆಯ ಒಬ್ಬ ಹುಡುಗಿಯ ಕತೆಯ ಒಂದೇ ಪ್ಯಾರಾದ ಮೇಲೆ ನಾವಿಬ್ಬರೂ ಎರಡು ತಾಸು ಕೂತಿದ್ದೆವು. ಅವಳು ಬೇರೆ ಮಾತು ಹುಡುಕುವುದು, ನಾನು ಬೇಡ ಎನ್ನುವುದು, ಕೊನೆಗೆ ಅವಳ ಅಜ್ಜಿ ಆಡುತ್ತಿದ್ದ ಮಾತೇ ಸಿಕ್ಕಿತು. ಚಹಾ ಆರಿಹೋಗಿತ್ತು. ಐದೂ ಸಲ ಅವರಾಗಿ ಬಂದದ್ದು. ನಾನು ಯಾರನ್ನೂ ಕರೆದಿರಲಿಲ್ಲ. ಯಾರೂ ಬರದಿದ್ದರೆ ಆ ಐದು ದಿನವೂ ಇರುತ್ತಿರಲಿಲ್ಲ.

ಅದನ್ನು ನೋಡಿ ನನಗೆ ಹೆದರಿಕೆ ಆಯಿತು. ಬೇಕಾದದ್ದು ನನ್ನ ಬಾಗಿಲಿಗೇ ಬಂದು ಹೋಗುತ್ತಿತ್ತು. ನಾನು ಅದನ್ನು ಕೆಲಸದ ನಡುವಿನ ಅಡಚಣೆ ಎಂದು ತಿಳಿದಿದ್ದೆ. ಆಮೇಲೆ ಶನಿವಾರ ಮಧ್ಯಾಹ್ನ ಪೂರ್ತಿ ಹೊಸಬರಿಗೆ ಎಂದು ಇಟ್ಟೆ. ಅದಕ್ಕಾಗಿ ಶನಿವಾರದ ಸಭೆ ಸಮಾರಂಭ ಬಿಟ್ಟೆ. ಕೆಲವರಿಗೆ ಬೇಜಾರಾಯಿತು, ಇಬ್ಬರು ಜಾಹೀರಾತು ಕೊಡುವುದನ್ನೇ ನಿಲ್ಲಿಸಿದರು. ಆದರೂ ಆ ಶನಿವಾರವನ್ನು ನಾನು ಬಿಟ್ಟಿಲ್ಲ.

ಹಾಗಾಗಿ ಗುರಿ ಎಂದರೆ ಎಲ್ಲೋ ಮುಂದೆ ಇರುವ ವಸ್ತು, ಹೋಗಿ ಹುಡುಕಿ ತರಬೇಕು ಎಂಬ ಮಾತನ್ನು ನಾನು ನಂಬುವುದಿಲ್ಲ. ಬಹಳ ಮಂದಿಗೆ ಅದು ಕಳೆದ ದಿನಗಳಲ್ಲೇ ಎಲ್ಲೋ ಬಿದ್ದಿರುತ್ತದೆ. ತಿರುಗಿ ನೋಡಿದವರಿಗೆ ಕಾಣುತ್ತದೆ. ತಿರುಗಿ ನೋಡಲು ಹೊತ್ತು ಬೇಕು, ಸ್ವಲ್ಪ ಧೈರ್ಯವೂ ಬೇಕು.

ನಮ್ಮೂರಿನ ಫ.ಗು. ಹಳಕಟ್ಟಿಯವರ ವಿಷಯ ನಿಮಗೆ ಗೊತ್ತಿರುತ್ತದೆ. ಪತ್ರಿಕೆ ನಡೆಸುವ ನನಗೆ ಅವರು ಮನೆಯ ಹಿರಿಯರ ಹಾಗೆ. ಅವರನ್ನು ವಚನ ಪಿತಾಮಹ ಎಂದು ಕರೆದು ಫೋಟೋಕ್ಕೆ ಹಾರ ಹಾಕುತ್ತೇವೆ. ಅವರ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದು ಕಡಿಮೆ. ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ಓದಿದ್ದು ಕಾನೂನು. ಬೆಳಗಾವಿಯಲ್ಲಿ ವಕೀಲಿಕೆ ಶುರು ಮಾಡಿ 1904ರಲ್ಲಿ ವಿಜಯಪುರಕ್ಕೆ ಬಂದರು. ಆ ಹೊತ್ತಿನ ಆಸುಪಾಸಿನಲ್ಲೇ ರಬಕವಿ ಬನಹಟ್ಟಿ ಕಡೆಯ ಒಂದು ಮನೆಯಲ್ಲಿ ವಚನಗಳ ಓಲೆಗರಿ ಕಟ್ಟು ಅವರ ಕಣ್ಣಿಗೆ ಬಿತ್ತು. ಆಗ ಎಷ್ಟೋ ಮನೆಗಳಲ್ಲಿ ಇಂಥ ಕಟ್ಟುಗಳು ಇದ್ದವು. ಜಗಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುತ್ತಿರಲಿಲ್ಲ.

ಅವತ್ತೇ ಅವರು ಕರಿ ಕೋಟು ಕಳಚಿಟ್ಟು ಹೊರಟುಬಿಡಲಿಲ್ಲ. ವಕೀಲಿಕೆ ನಡೆಯಿತು. 1910ರಲ್ಲಿ ಶಾಲೆಗಳಿಗಾಗಿ ಬಿಎಲ್‌ಡಿಇ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಇಂಥ ಊರಿನ ಕೆಲಸಗಳಲ್ಲೂ ಅವರು ಮುಂದೆ ಇದ್ದರು. ಅದರ ನಡುವೆಯೇ ಊರೂರು ತಿರುಗಿ ಓಲೆಗರಿ ಕೂಡಿಹಾಕಿದರು, ಕೂತು ನಕಲು ಮಾಡಿದರು. ಅವರ ಮೊದಲ ವಚನ ಸಂಗ್ರಹ ಬೆಳಗಾವಿಯಲ್ಲಿ ಅಚ್ಚಾದದ್ದು 1923ರಲ್ಲಿ. ಮೊದಲ ಕಟ್ಟು ಕಂಡಾಗಿನಿಂದ ಸುಮಾರು ಇಪ್ಪತ್ತು ವರ್ಷ! ಅಷ್ಟು ಹೊತ್ತಿಗೆ ಅವರಿಗೆ 43. ಆಮೇಲೆ ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯ ಹಾಕಿದರು. 1926ರಲ್ಲಿ "ಶಿವಾನುಭವ" ಪತ್ರಿಕೆ ಶುರುವಾಯಿತು. ಅದನ್ನು ಮೂವತ್ತು ವರ್ಷಕ್ಕೂ ಜಾಸ್ತಿ ನಡೆಸಿದರು. 1964ರಲ್ಲಿ ತೀರಿಕೊಂಡಾಗ ಅವರಿಗೆ 84 ತುಂಬುತ್ತಿತ್ತು.

ನೀವೂ ಮನೆ ಮಾರಿ ಎಂದು ಹೇಳಲು ಇದನ್ನು ಬರೆಯಲಿಲ್ಲ. ಮನೆ ಮಾರಿದ ಮೇಲೆ ಆ ಮನೆಯವರು ಹೇಗೆ ದಿನ ಕಳೆದರೋ ಎಂಬ ಯೋಚನೆ ನನಗೆ ಯಾವಾಗಲೂ ಬರುತ್ತದೆ. ಆ ಭಾರ ಹೊತ್ತವರಿಗೆ ಯಾರೂ ಹಾರ ಹಾಕುವುದಿಲ್ಲ. ನಾನು ಹಿಡಿದದ್ದು ಒಂದೇ ಸಂಗತಿ. ಎಲ್ಲರೂ ಪೂಜೆ ಮಾಡುತ್ತಿದ್ದ ಕಟ್ಟನ್ನು ಅವರು ಬಿಚ್ಚಿ ಓದಿದರು. ನೀವು 31 ದೀಪಾವಳಿ ಖಾತೆ ಪೂಜೆ ಮಾಡಿದ್ದೀರಿ, ಅಲ್ವಾ? ನಿಮ್ಮದೇ ಕಟ್ಟೊಂದು ಬಿಚ್ಚದೆ ಉಳಿದಿದೆ. ಅದರ ಒಂದು ಗರಿಯನ್ನು ನೀವು ಗೊತ್ತಿಲ್ಲದೆ ನನಗೆ ಕಳಿಸಿಬಿಟ್ಟಿದ್ದೀರಿ.

ನಿಮ್ಮ ಪತ್ರ ಐದು ಪುಟ. ಕೆಂಪು ಗೀಟಿನ ಲೆಕ್ಕದ ಕಾಗದ, ದುಂಡು ಅಕ್ಷರ. ಮೊದಲ ಮೂರು ಪುಟದಲ್ಲಿ ಬಹಳ ಹೊಡೆದುಹಾಕಿದ್ದೀರಿ. ಒಂದು ಸಾಲು ಬರೆಯುವುದು, ಕಾಟು ಹಾಕುವುದು, ಮತ್ತೆ ಬರೆಯುವುದು. ಐದನೆಯದರಲ್ಲೂ ಹಾಗೇ. ನಾಲ್ಕನೆಯ ಪುಟದಲ್ಲಿ ಮಾತ್ರ ಒಂದು ಕಾಟೂ ಇಲ್ಲ. ಅಲ್ಲಿ ಇರುವುದು ಇದು:

"ಸಂಜೆ ಅಂಗಡಿ ಕೆಲಸ ಮುಗಿದ ಮೇಲೆ ಹಮಾಲರು ಒಂದರ್ಧ ತಾಸು ಬಂದು ಕೂಡುತ್ತಾರೆ. ಏನಾದರೂ ಅರ್ಜಿ ಇದ್ದರೆ ಬರೆದುಕೊಡುತ್ತೇನೆ. ಹೋದ ತಿಂಗಳು ಒಬ್ಬನ ತಾಯಿಯ ವಿಧವಾ ವೇತನ ನಿಂತಿತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಆ ಮುದುಕಿಯನ್ನು ಕರೆದುಕೊಂಡು ಮೂರು ಸಲ ಹೋಗಿಬಂದೆ. ಈಗ ರೊಕ್ಕ ಬರುತ್ತಿದೆ. ಇಬ್ಬರಿಗೆ ಸಹಿ ಮಾಡುವುದು ಕಲಿಸಿದ್ದೇನೆ. ಅದರಲ್ಲಿ ಒಬ್ಬ ಈಗ ತೂಕದ ಚೀಟಿ ತಾನೇ ಓದುತ್ತಾನೆ. ಓದಿ ನನ್ನ ಕಡೆ ನೋಡಿ ನಗುತ್ತಾನೆ. ಇದೇನು ದೊಡ್ಡದಲ್ಲ ಬಿಡಿ."

ಬಿಡಿ ಅಂದಿರಿ. ನಾನು ಬಿಡಲಿಲ್ಲ. ಮಾಸ್ತರ ಆಗಲಿಲ್ಲ ಎಂದು ಮೊದಲ ಪುಟದಲ್ಲಿ ಅತ್ತವರು ನೀವೇ. ನಾಲ್ಕನೆಯ ಪುಟದಲ್ಲಿ ಇಬ್ಬರಿಗೆ ಅಕ್ಷರ ಕಲಿಸಿದವರೂ ನೀವೇ. ಮೂವತ್ತು ಮೂವತ್ತೈದು ವಯಸ್ಸಿನ ಹಮಾಲನಿಗೆ, ದಿನಪೂರ್ತಿ ಚೀಲ ಹೊತ್ತ ಕೈಗೆ, ಪೆನ್ನು ಹಿಡಿಯುವುದು ಕಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಮ್ಮ ಪ್ರೆಸ್ಸಿನಲ್ಲಿ ಒಬ್ಬರಿಗೆ ಕಲಿಸಲು ಹೋಗಿ ತಾಳ್ಮೆ ಸಾಲದೆ ಅರ್ಧಕ್ಕೆ ಬಿಟ್ಟವಳು ನಾನು. ಆ ಮನುಷ್ಯನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಬಸವಣ್ಣನವರು ಮಂಗಳವೇಡೆಯಲ್ಲಿ ಮೊದಲು ಹಿಡಿದದ್ದು ಲೆಕ್ಕ ಬರೆಯುವ ಕರಣಿಕರ ಕೆಲಸ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಲೆಕ್ಕ ಬರೆಯುವವರಿಗೆ ಒಂದು ಗುಣ ಇರುತ್ತದೆ. ಯಾರ ಬಾಕಿ ಯಾರಲ್ಲಿ ಉಳಿದಿದೆ ಎಂಬುದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಆ ಮುದುಕಿಗೆ ಬರಬೇಕಾದದ್ದು ಎಲ್ಲಿ ನಿಂತಿದೆ ಎಂದು ನಿಮಗೆ ಕಂಡಿತು. 31 ವರ್ಷ ದಂಡವಾಯಿತು ಅಂದಿರಿ. ಆ ಕಣ್ಣು ಬಂದದ್ದೇ ಆ ಗಾದಿಯ ಮೇಲೆ ಕೂತು.

ಆದರೆ ಒಂದು ಮಾತು. ಇಲ್ಲಿಯವರೆಗೆ ಈ ಕೆಲಸ ತಾನಾಗಿ ಬಂದಿದೆ, ನೀವು ಮಾಡಿದ್ದೀರಿ. ಇನ್ನು ಮುಂದೆ ಇದನ್ನು ತಿಳಿದು ಮಾಡಬೇಕು, ಅಂದರೆ ನಾನು ಇದನ್ನು ಮಾಡುವವನು ಎಂದು ಮೊದಲೇ ನಿಶ್ಚಯ ಮಾಡಿಕೊಂಡು. ಆಗ ಮಾತ್ರ ಅದಕ್ಕೆ ಜಾಗ, ಹೊತ್ತು ಸಿಗುತ್ತವೆ. ಸಾವಕಾರರು ಸುಮ್ನೆ ಬಂದು ಕೂಡ್ರಿ ಅಂದಿದ್ದಾರಲ್ಲ, ಅವರ ಹತ್ತಿರ ಹೋಗಿ ಕೇಳಿ. ಸೋಮವಾರ ಮತ್ತು ಗುರುವಾರ ಸಂಜೆ ಆರರಿಂದ ಏಳೂವರೆ ತನಕ ಅಂಗಡಿಯ ಮುಂದಿನ ಮೇಜು ನನಗೆ ಬೇಕು, ಯಾರಿಗೆ ಅರ್ಜಿ ಬರೆಸುವುದಿದೆಯೋ ಅವರು ಬರಲಿ ಎಂದು. ಬೇಡ ಎನ್ನಲಿಕ್ಕಿಲ್ಲ. ಬೇಡ ಅಂದರೂ ಹಮಾಲರು ಕೂಡುವ ಕಟ್ಟೆ ಇದ್ದೇ ಇದೆ.

ಆ ಕಂಪ್ಯೂಟರ್ ಹುಡುಗನ ಮೇಲೆ ಸಿಟ್ಟು ಬೇಡ. ಅವನು ನಿಮ್ಮ ಕೆಲಸ ಕಸಿದುಕೊಳ್ಳಲು ಬಂದವನಲ್ಲ, ಅವನ ಅಪ್ಪನಿಗೂ ಮನೆ ಸಾಲ ಇರಬಹುದು. ಸರಕಾರಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕುವ ಸೇವಾ ಸಿಂಧು ಅವನಿಂದ ಕಲಿಯಿರಿ. ಈಗ ಅರ್ಧಕ್ಕರ್ಧ ಅರ್ಜಿ ಅದರಲ್ಲೇ ಹೋಗುತ್ತವೆ, ಬರೀ ಕಾಗದ ಬರೆದುಕೊಟ್ಟರೆ ಸಾಲದು. ಊರುಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ, ಅಲ್ಲಿ ಯಾವುದಕ್ಕೆ ಏನೇನು ಕಾಗದ ಕೇಳುತ್ತಾರೆ ಎಂದು ಒಮ್ಮೆ ಹೋಗಿ ತಿಳಿದುಕೊಂಡು ಬನ್ನಿ. ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬಂದವನು ಒಂದು ಜೆರಾಕ್ಸ್ ಇಲ್ಲವೆಂದು ವಾಪಸ್ ಹೋಗುವುದು ನಿಂತರೆ ಅದೇ ದೊಡ್ಡದು. ಯಾರಿಂದಲೂ ರೊಕ್ಕ ಮಾತ್ರ ತೆಗೆದುಕೊಳ್ಳಬೇಡಿ, ಚಹಾದ ರೊಕ್ಕವೂ ಬೇಡ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ಓದುವ ಬೇರೆಯವರಿಗೆ ಹೇಳಿದೆ.

ಎರಡು ಸಂಜೆ ಎಲ್ಲಿಂದ ತರಲಿ ಎಂದು ಕೇಳುತ್ತೀರಿ. ರಾತ್ರಿ ಹನ್ನೊಂದರ ತನಕ ಫೋನಿನಲ್ಲಿ ಏನೇನೋ ನೋಡುತ್ತಾ ಕೂಡುತ್ತೇನೆ, ಆಮೇಲೆ ನನ್ನ ಮೇಲೆ ನನಗೇ ಬೇಜಾರು ಎಂದು ಎರಡನೆಯ ಪುಟದಲ್ಲಿ ಇದೆ. ಅದನ್ನು ಬಿಡಿ. ಬೇಕಾದದ್ದನ್ನು ಹಿಡಿಯುವುದಕ್ಕಿಂತ ಬೇಡವಾದದ್ದನ್ನು ಗುರುತಿಸುವುದು ಕಷ್ಟ. ಅದನ್ನು ಪೂರ್ತಿ ಮಾಡಿದ ಒಬ್ಬರನ್ನು ನಮ್ಮೂರು ಹತ್ತಿರದಿಂದ ನೋಡಿದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರ ಮಾಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಹಾಗೇ ಆಯಿತು. ಆ ದಿನಗಳಲ್ಲಿ ಆ ಜನಸಾಗರದ ನಡುವೆ ನಾನೂ ನಿಂತಿದ್ದೆ. ಇಷ್ಟೊಂದು ಮಂದಿಗೆ ಬೇಕಾದವರು ತಮಗೆ ಏನೇನು ಬೇಡ ಎಂದು ಎಷ್ಟು ಮೊದಲೇ ತಿಳಿದುಕೊಂಡಿದ್ದರು ಎಂದು ಅನಿಸಿ ಕಣ್ಣು ತುಂಬಿತು. ನಾವು ಸಂಸಾರದವರು, ನಮಗೆ ಕಿಸೆ ಬೇಕು. ಆದರೆ ರಾತ್ರಿಯ ಆ ಎರಡು ತಾಸು ಬೇಡ ಅನ್ನಬಹುದಲ್ಲ?

ಇನ್ನೊಂದು ಕೆಲಸ, ಇದು ನಿಮಗೆ ಸುಲಭ. ಅಂಗಡಿಯಲ್ಲಿ ಈಗ ಬೇಡವಾದ ಖಾಲಿ ರೋಜಕಿರ್ದಿ, ಅಂದರೆ ದಿನದ ಜಮಾ ಖರ್ಚಿನ ಪುಸ್ತಕ, ಒಂದಾದರೂ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ದಿನ ಮಲಗುವ ಮುಂಚೆ ಜಮಾ ಕಡೆ ಒಂದು ಸಾಲು, ಖರ್ಚಿನ ಕಡೆ ಒಂದು ಸಾಲು. ಇವತ್ತು ನನಗೆ ಏನು ಬಂತು, ನನ್ನ ಹೊತ್ತು ಎಲ್ಲಿ ಹೋಯಿತು. ತಾಳೆ ಹಾಕಲು ಹೋಗಬೇಡಿ. ನಿಮ್ಮ ಕೈ ತಾನಾಗಿ ತಾಳೆ ಹಾಕಲು ಹೋಗುತ್ತದೆ, ತಡೆಯಿರಿ. ಅಮಾವಾಸ್ಯೆಗೆ ನಿಮ್ಮ ಅಂಗಡಿ ಬಂದ್ ಇರುತ್ತದೆ ಎಂದು ಬರೆದಿದ್ದೀರಿ. ಅವತ್ತು ತಿಂಗಳದ್ದೆಲ್ಲ ಒಮ್ಮೆಗೇ ಓದಿ. ಮನೆಯವರನ್ನೂ ಪಕ್ಕಕ್ಕೆ ಕೂಡಿಸಿಕೊಳ್ಳಿ. ಐದು ಪುಟದ ಪತ್ರದಲ್ಲಿ ನಿಮ್ಮ ಹೆಂಡತಿಯ ಬಗ್ಗೆ ಇರುವುದು ಎರಡೇ ಸಾಲು. ಆ ತಾಯಿಗೂ ಏನೋ ಆಗಬೇಕೆಂದು ಇದ್ದಿರಬೇಕು. ಅವರನ್ನು ಇಲ್ಲಿಯವರೆಗೆ ಯಾರಾದರೂ ಕೇಳಿದ್ದಾರಾ?

ಕೆಲವು ತಿಂಗಳು ಓದಿದ ಮೇಲೆ ನಾನು ಹೇಳಿದ್ದು ತಪ್ಪು ಎಂದು ನಿಮಗೆ ಅನಿಸಬಹುದು. ಅರ್ಜಿ ಬರೆಯುವುದಲ್ಲ, ಅಕ್ಷರ ಕಲಿಸುವುದೇ ನಿಮ್ಮದು ಎಂದು ಕಾಣಬಹುದು. ಅಥವಾ ಇವೆರಡೂ ಅಲ್ಲದ ಮೂರನೆಯದು. ಆಗ ನನ್ನ ಮಾತು ಬಿಟ್ಟು ನಿಮ್ಮ ಕಿರ್ದಿಯ ಮಾತು ಕೇಳಿ. ನಾನು ನೋಡಿದ್ದು ಐದು ಪುಟ ಮಾತ್ರ.

ತಂದೆ ತೀರಿದಾಗ ಓದು ಬಿಟ್ಟದ್ದು ತಪ್ಪಾಯಿತೇ ಎಂದೂ ಕೇಳಿದ್ದೀರಿ. 23 ವರ್ಷದ ಹುಡುಗ, ಇಬ್ಬರು ತಂಗಿಯರು, ತಾಯಿ. ಅವತ್ತು ನಿಮ್ಮ ಕೈಯಲ್ಲಿ ಬೇರೆ ಏನಿತ್ತು? ಆ ಹುಡುಗನ ಮೇಲೆ ಈಗಿನ ನೀವು ಕೇಸು ಹಾಕಬೇಡಿ. ಅವನು ಮನೆ ಉಳಿಸಿದ.

ಉತ್ತರಕ್ಕೆಂದು ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ಪತ್ರದ ಜೊತೆ ಇಟ್ಟಿದ್ದಿರಿ. ಉತ್ತರವನ್ನು ಪತ್ರಿಕೆಯಲ್ಲೇ ಅಚ್ಚು ಹಾಕುತ್ತಿರುವುದರಿಂದ ಲಕೋಟೆ ಖಾಲಿ ಉಳಿಯಿತು. ಅದರಲ್ಲಿ ನಿಮ್ಮ ನಾಲ್ಕನೆಯ ಪುಟವನ್ನು ಇಟ್ಟು ವಾಪಸ್ ಕಳಿಸುತ್ತಿದ್ದೇನೆ. ಸಂಕ್ರಾಂತಿಗೆ ಮಗಳು ಬರುತ್ತಾಳಲ್ಲ, ಅವಳ ಕೈಗೆ ಕೊಡಿ. ಕೇಳಿದ್ದು ಅವಳು.

ನಿಮ್ಮ,
ಸಂಪಾದಕಿ